ಅವ್ವ ಸೈಕಲ್ ಕಲಿತ ಬೇಸಿಗೆ

ಆ ದಿನಗಳೇ ಚೆನ್ನಾಗಿದ್ದವು ಎಂದು ಯಾರಾದರೂ ಮಾತು ತೆಗೆದರೆ ನಾನು ಸುಮ್ಮನಿರುವವಳಲ್ಲ. ಯಾರಿಗೆ ಚೆನ್ನಾಗಿದ್ದವು, ಯಾವುದು ಚೆನ್ನಾಗಿತ್ತು ಎಂದು ಕೇಳುತ್ತೇನೆ. ಶಾಲೆಯಲ್ಲಿ ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಮೇಷ್ಟ್ರು ಹಚ್ಚಿದ ಚಟ ಅದು. ಆದರೆ ಒಂದು ಬೇಸಿಗೆಯ ಬಗ್ಗೆ ಹೇಳಬೇಕಾದಾಗ ನನಗೂ ಬೇರೆ ಆರಂಭ ಸಿಗುವುದಿಲ್ಲ. ಆ ದಿನಗಳಲ್ಲಿ ನಮ್ಮೂರ ಕೆರೆಯ ಸುತ್ತ ಒಂದು ಗರಸಿನ ದಾರಿ ಇತ್ತು. ಅದರ ಮೇಲೆ ನಮ್ಮವ್ವ ಸೈಕಲ್ ತುಳಿದಳು.

ಊರು ಮಾನ್ವಿ ತಾಲ್ಲೂಕಿನದು, ಬಾಗಲವಾಡದ ಕಡೆಗೆ. ಕಾಲುವೆಯ ನೀರು ತುಂಬಿಸಿಕೊಳ್ಳುವ ದೊಡ್ಡ ಕೆರೆ. ಅದರ ಸುತ್ತ ಅರಣ್ಯದವರು ನೆಟ್ಟ ಬೇವು, ಹೊಂಗೆ. ಯಾರೂ ನೆಡದೆ ಬೆಳೆದ ಜಾಲಿ. ಆ ಕಾಡಿನೊಳಗೆ ತಮ್ಮ ಜೀಪು ಓಡಾಡಲೆಂದು ಅವರು ಕೆಂಪು ಗರಸು, ಸಣ್ಣ ಕಲ್ಲು ಬೆರೆತ ಮಣ್ಣು, ಹಾಸಿದ್ದರು. ಜೀಪು ಬರುವುದೇ ಅಪರೂಪ. ಬಸ್ಸಿಲ್ಲ, ಲಾರಿಯಿಲ್ಲ, ಟ್ರ್ಯಾಕ್ಟರ್ ಕೂಡ ಇಲ್ಲ. ಅದು ಎಲ್ಲಿಗೂ ಹೋಗದ ದಾರಿ ಎಂದು ಊರವರು ಹೇಳುತ್ತಿದ್ದರು. ಸುಳ್ಳು. ಕೆರೆಯನ್ನು ಬಳಸಿಕೊಂಡು ಅದು ಆಚೆ ದಡದ ಹಳ್ಳಿಗೆ ಹೋಗುತ್ತಿತ್ತು, ಆ ಹಳ್ಳಿ ಅವ್ವನ ತವರು. ಬಸ್ಸಿನಲ್ಲಾದರೆ ಮಾನ್ವಿಗೆ ಹೋಗಿ, ನಿಲ್ದಾಣದಲ್ಲಿ ಕಾದು, ಇನ್ನೊಂದು ಬಸ್ಸು ಹಿಡಿದು, ಒಂದು ದಿನವೇ ಹಿಡಿಯುತ್ತಿತ್ತು.

ಅಲ್ಲಿದ್ದ ಅಜ್ಜಿಯನ್ನು ನಾನು ಆಚಿ ಅಜ್ಜಿ ಎನ್ನುತ್ತಿದ್ದೆ. ಅವ್ವ ಅವಳಿಗೆ ಒಬ್ಬಳೇ ಮಗಳು. ಪಂಚಮಿಗೆ, ಯುಗಾದಿಗೆ ಅಜ್ಜ ಬಂದು ನಮ್ಮ ಕಟ್ಟೆಯ ಮೇಲೆ ಕೂತು, "ಮಗಳನ್ನ ಕರಿಯಾಕ ಬಂದೀನ್ರಿ" ಎಂದರೆ ಮರುದಿನ ಅವ್ವ ಹೊರಡುತ್ತಿದ್ದಳು. ಹಾಗೆ ಕರೆಯಲು ಯಾರೂ ಬರದೆ ಮದುವೆಯಾದವಳು ತವರಿಗೆ ಹೋಗುವಂತಿರಲಿಲ್ಲ. ಹೋದರೆ ಗಂಡನ ಮನೆ ಬಿಟ್ಟು ಬಂದಳೆಂದೇ ಅರ್ಥ. ಆ ಬೇಸಿಗೆಯ ಹಿಂದಿನ ಚಳಿಗಾಲ ಅಜ್ಜ ತೀರಿಕೊಂಡ. ಯುಗಾದಿಗೆ ಕರೆಯಲು ಯಾರೂ ಬರಲಿಲ್ಲ.

ಅಜ್ಜಿಯ ಕಾಲು ಬಾತಿವೆ ಎಂಬ ಸುದ್ದಿ ಮಾತ್ರ ಬಂತು. ಅವ್ವ ನಮ್ಮ ಆಯಿಯ ಮುಂದೆ, ಎಂದರೆ ತನ್ನ ಅತ್ತೆಯ ಮುಂದೆ, ನಿಂತಳು.

"ಅತ್ತಿ, ಒಂದಿನ ಹೋಗಿ ಬರಲೇನ್ರಿ?"

ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. "ಹೋಗಬ್ಯಾಡ ಅಂತ ಯಾರಂದಾರ? ಕರಿಯಾಕ ಬರಲಿ, ಉಡಿ ತುಂಬಿ ಕಳಸ್ತೀನಿ."

"ಬರಾಕ ಅಲ್ಲಿ ಯಾರದಾರ ಆಯಿ?" ಎಂದೆ ನಾನು. "ಅಜ್ಜ ಸತ್ತಾನ. ಅವ್ವಗ ಅಣ್ಣ ತಮ್ಮ ಇಲ್ಲ. ಸತ್ತಾಂವ ಎದ್ದು ಬರಬೇಕೇನು?"

"ಇದರ ಬಾಯಿ ನೋಡು. ಅಕ್ಷರ ಕಲಸ್ರಿ ಅಂತ ಸಾಲಿಗೆ ಕಳಿಸಿದ್ರ ಜಗಳ ಕಲಿಸ್ಯಾರ."

"ಜಗಳಲ್ಲ. ಕೇಳಾಕತ್ತೀನಿ."

"ಕೇಳಬ್ಯಾಡ. ರೊಟ್ಟಿ ತಿನ್ನು."

ಅಪ್ಪ ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಅವನನ್ನು ಕೇಳಿದರೆ "ನೋಡೂಣು" ಎಂದ. ಅಳಿಯನೇ ಹೆಂಡತಿಯನ್ನು ತವರಿಗೆ ಬಿಟ್ಟು ಬಂದರೆ ಅದನ್ನೂ ಊರು ಜಗಳವೆಂದೇ ತಿಳಿಯುತ್ತಿತ್ತು.

ನಾನು ಆಗಷ್ಟೇ ಎಂಟನೆಯ ತರಗತಿ ಮುಗಿಸಿದ್ದೆ. ಸರ್ಕಾರ ಕೊಟ್ಟ ಸೈಕಲ್ ಮನೆಯಲ್ಲಿತ್ತು. ಒಂದು ಮಧ್ಯಾಹ್ನ ಜಾಲಿಯ ಕಟ್ಟಿಗೆ ತರಲು ಅದನ್ನು ತಳ್ಳಿಕೊಂಡು ಇಬ್ಬರೂ ಕೆರೆಯ ಕಡೆ ಹೋಗಿದ್ದೆವು. ಹೊರೆ ಕಟ್ಟುತ್ತಿದ್ದ ಅವ್ವ ಎದ್ದು ಬಂದು ಸೀಟಿನ ಮೇಲೆ ಕೈಯಿಟ್ಟಳು.

"ಇದಕ್ಕ ನಡುವ ದಂಡಿ ಇಲ್ಲಲ್ಲ?"

"ಹುಡಿಗ್ಯಾರ ಸೈಕಲ್ ಬೇ. ಇರಂಗಿಲ್ಲ."

"ಸೀರಿ ಉಟ್ಟಾಕಿ ಹತ್ತಬಹುದೇನು?"

ಅವಳ ಲೆಕ್ಕ ನನಗೆ ಆಗಲೇ ಗೊತ್ತಾಯಿತು. ಉಂಡು ಊರೆಲ್ಲ ಮಲಗಿದ ಮೇಲೆ, ಸಂಜೆ ಎಮ್ಮೆ ಹಿಂಡುವುದರೊಳಗೆ, ಅವಳಿಗೆ ಸಿಗುವ ಹೊತ್ತಿನಲ್ಲಿ ಕೆರೆ ಬಳಸಿ ನಡೆದು ಹೋಗಿ ಬರಲು ಆಗುತ್ತಿರಲಿಲ್ಲ. ಸೈಕಲ್ ಮೇಲಾದರೆ ಆಗುತ್ತಿತ್ತು.

ಹಾಗೆ ಶುರುವಾಯಿತು. ಬೇವಿನ ಹೂವು ಉದುರಿ ದಾರಿಯೆಲ್ಲ ಕಹಿ ಸಿಹಿ ವಾಸನೆ. ಇಳಿದ ಕೆರೆಯಿಂದ ಒಣಗುವ ರಾಡಿಯ ವಾಸನೆ. ಅವ್ವ ಸೀರೆಯನ್ನು ಕಚ್ಚೆ ಹಾಕಿ ಬಿಗಿದು ಹತ್ತುತ್ತಿದ್ದಳು, ನಾನು ಹಿಂದೆ ಕ್ಯಾರಿಯರ್ ಹಿಡಿದು ಓಡುತ್ತಿದ್ದೆ. ಗರಸು ಮೋಸದ್ದು. ಬ್ರೇಕ್ ಒತ್ತಿದರೆ ಗಾಲಿ ಜಾರುತ್ತದೆ, ಹೆದರಿದರೆ ಇನ್ನೂ ಜಾರುತ್ತದೆ. ಮೊಣಕಾಲು ತರಚಿ ರಕ್ತ ಬಂದರೆ ಅವ್ವ ಬೇವಿನೆಲೆ ಅರೆದು ಮೆತ್ತಿ, ಮನೆಯಲ್ಲಿ "ಜಾಲಿ ಮುಳ್ಳು ಗೀರ್ಯಾವ" ಎನ್ನುತ್ತಿದ್ದಳು. ಬಿದ್ದಾಗ ನನ್ನ ಮೇಲೆ ಸಿಟ್ಟು.

"ಯಾಕ ಬಿಟ್ಟಿ?"

"ಬಿಡಲಿಲ್ಲಂದ್ರ ಯಾವಾಗ ಕಲಿತಿ ಬೇ? ಗಾಲಿ ನೋಡಬ್ಯಾಡ, ಮುಂದ ನೋಡು."

"ಮುಂದ ಏನದ ನೋಡಾಕ?"

"ನಿಮ್ಮವ್ವ ಅದಾಳ."

ಆಮೇಲೆ ಅವಳು ಗಾಲಿ ನೋಡಲಿಲ್ಲ.

ನಮ್ಮನ್ನು ಕಂಡವಳು ಹುಸೇನಬಿ ಒಬ್ಬಳೇ. ಕೆರೆಯಂಗಳದಲ್ಲಿ ಆಡು ಮೇಯಿಸುವವಳು, ಬಾಯಲ್ಲಿ ಯಾವಾಗಲೂ ಎಲೆ. ಹೊಂಗೆಯ ನೆರಳಲ್ಲಿ ಕೂತು ನಮ್ಮ ಸರ್ಕಸ್ ನೋಡುತ್ತಿದ್ದಳು.

"ನಿಮಗಿಂತ ನನ್ನ ಆಡು ಚಲೋ ತುಳಿತಾವ ಬಿಡ್ರಿ ಅಕ್ಕಾರ."

"ನಿನ್ನ ಆಡಿಗೆ ನಾಕು ಕಾಲವ್ವಾ. ನನಗೆರಡ."

ಹುಸೇನಬಿ ಎಲೆ ಉಗಿದು ನಕ್ಕಳು. "ಊರಾಗ ನಾ ಏನೂ ನೋಡಿಲ್ಲ. ನೋಡಿದ್ರ ಆಡು ನೋಡ್ಯಾವ. ಅವಕ್ಕ ಕನ್ನಡ ಬರಂಗಿಲ್ಲ, ನಮ್ಮ ಮನಿ ಮಾತ ಬರ್ತದ."

ಅವ್ವ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಮನೆಯೊಳಗೆ ಎಂದೂ ಕೇಳಿರಲಿಲ್ಲ.

ಹೊರಟ ದಿನ ಅವಳು ತಲೆಗೆ ಎಣ್ಣೆ ಹಚ್ಚಿಕೊಂಡಿದ್ದಳು. ಸೆರಗಿನಲ್ಲಿ ಶೇಂಗಾ ಹಿಂಡಿ, ಕಡಕ್ ರೊಟ್ಟಿ. ನಾನು ಕ್ಯಾರಿಯರ್ ಮೇಲೆ ಕೂತೆ. ಗಾಲಿಯ ಕೆಳಗೆ ಗರಸು ಕರಕರ ಎನ್ನುತ್ತಿತ್ತು, ಅದು ಬಿಟ್ಟರೆ ಬೆಳವನ ಹಕ್ಕಿಯ ಕೂಗು. ಎಡಕ್ಕೆ ಮರಗಳ ಸಂದಿನಲ್ಲಿ ನೀರು ಹೊಳೆದು ಮರೆಯಾಗುತ್ತಿತ್ತು. ದಿನ್ನೆ ಇಳಿಯುವಾಗ ಅವ್ವ ಪೆಡಲ್ ಬಿಟ್ಟು ಕಾಲು ಎತ್ತಿಕೊಂಡಳು. ಅದನ್ನು ನಾನು ಕಲಿಸಿರಲಿಲ್ಲ.

ಆಚಿ ಅಜ್ಜಿ ಬಾಗಿಲಲ್ಲೇ ಕೂತಿದ್ದಳು. ಅವ್ವನನ್ನು ಕಂಡವಳು ಮೊದಲು ಅವಳ ಬೆನ್ನ ಹಿಂದೆ ನೋಡಿದಳು.

"ಯಾರ ಕೂಡ ಬಂದಿ?"

"ಯಾರ ಕೂಡನೂ ಇಲ್ಲ ಯವ್ವಾ. ನಾನ ಬಂದೆ. ಸೈಕಲ್ ಮ್ಯಾಲ."

ಅಜ್ಜಿಯ ಮುಖ ಇಳಿಯಿತು. ಓಣಿಯ ಆ ತುದಿ ಈ ತುದಿ ನೋಡಿ ದನಿ ತಗ್ಗಿಸಿದಳು. "ಏನಾತು? ಹೊರಗ ಹಾಕಿದ್ರೇನು?"

"ಇಲ್ಲ ಬೇ. ನಿನ್ನ ನೋಡಾಕ ಬಂದೆ. ಕಾಲು ಬಾತಾವಂತ."

"ಹೇಳಿ ಬಂದಿಯೇನು?"

ಅವ್ವ ಸೈಕಲ್ಲನ್ನು ಕಟ್ಟೆಗೆ ಒರಗಿಸಿದಳು. ಅಜ್ಜಿ ಬಾತ ಕಾಲನ್ನು ಕೈಯಿಂದ ಎಳೆದು ಹೊಸ್ತಿಲಿಗೆ ಅಡ್ಡ ಇಟ್ಟಳು.

"ಒಳಗ ಬರಬ್ಯಾಡ ಮಗಳ. ಅಪ್ಪ ಹೋಗಿ ವರ್ಸ ಆಗಿಲ್ಲ, ಮಗಳು ಒಬ್ಬಾಕಿ ಬಂದು ಕುಂತಳ ಅಂತ ಮಂದಿ ಆಡಿಕೊಂತಾರ. ಆ ಮಾತು ಕೆರಿ ದಾಟಿ ನಿನಗಿಂತ ಮುಂಚೆ ನಿಮ್ಮತ್ತಿ ಕಿವಿಗೆ ಬೀಳ್ತದ. ನಾ ಇವತ್ತೋ ನಾಳೆಯೋ. ನೀ ಅಲ್ಲಿ ಬಾಳಬೇಕು."

"ನೋಡಾಕ ಬಂದಾಕಿನ್ನ ಒಳಗ ಕರಿಯಂಗಿಲ್ಲಂದ್ರ ಇದೆಂಥಾ ಪದ್ಧತಿ ಅಜ್ಜಿ?" ಎಂದೆ.

"ಸುಮ್ನಿರು" ಎಂದಳು ಅವ್ವ.

ಅಜ್ಜಿ ಬಗ್ಗಿ ಅವ್ವನ ಸೀರೆಯ ಅಂಚಿಗೆ ಹತ್ತಿದ್ದ ಕೆಂಪು ಧೂಳನ್ನು ಕೈಯಿಂದ ಜಾಡಿಸಿದಳು. ಮತ್ತೆ ಮತ್ತೆ ಜಾಡಿಸಿದಳು. ಕಾಲು ಒತ್ತಲೆಂದು ಬಂದ ಅವ್ವ ಕಟ್ಟೆಯ ಕೆಳಗೆ ನಿಂತೇ ಇದ್ದಳು, ರೊಟ್ಟಿಯ ಗಂಟನ್ನು ಅಜ್ಜಿಯ ಮಡಿಲಲ್ಲಿ ಇಟ್ಟಳು.

"ಕರಿಯಾಕ ಕಳಸ್ತೀನಿ" ಎಂದಳು ಅಜ್ಜಿ. "ಯಾರನ್ನರ ಹುಡುಕಿ ಕಳಸ್ತೀನಿ. ಕರಿಸಿಕೊಂಡು ಬಾ, ತಿಂಗಳು ಇಟ್ಕೊಂತೀನಿ."

ವಾಪಸು ಬರುವಾಗ ಅವ್ವ ಸೈಕಲ್ ಹತ್ತಲಿಲ್ಲ. "ಹೊತ್ತಾಗ್ತದ ಬೇ" ಎಂದರೂ ತಳ್ಳಿಕೊಂಡೇ ನಡೆದಳು. ಎಮ್ಮೆ ಹಿಂಡುವ ಹೊತ್ತು ಮೀರಿತ್ತು. ಕಟ್ಟಿಗೆ ಎಲ್ಲಿ ಎಂದು ಆಯಿ ಕೇಳಿದಳು. ಅವ್ವ "ಸಿಗಲಿಲ್ರಿ" ಎಂದಳು.

ಮತ್ತೊಮ್ಮೆ ಹೋಗೋಣ ಎಂದು ನಾನು ಎಷ್ಟು ವಾದಿಸಿದೆನೋ. ಅವ್ವನದು ಒಂದೇ ಮಾತು: "ಕಳಸ್ತೀನಿ ಅಂದಾಳ." ಮಳೆ ಬಿತ್ತು, ಶಾಲೆ ಶುರುವಾಯಿತು, ಪಂಚಮಿಯೂ ಹೋಯಿತು. ಹೊರಗೆ ಮೋಟಾರ್ ಸೈಕಲ್ ಸದ್ದಾದರೆ ಅವ್ವ ಒಲೆಯ ಮುಂದಿನಿಂದ ಎದ್ದು ಬರುತ್ತಿದ್ದಳು.

ಒಂದು ಬೆಳಿಗ್ಗೆ ಆ ಸದ್ದು ನಮ್ಮ ಬಾಗಿಲಲ್ಲೇ ನಿಂತಿತು. ಅಜ್ಜಿಯ ಪಕ್ಕದ ಮನೆಯ ಹುಡುಗ.

"ನಮ್ಮವ್ವ ಕಳಿಸ್ಯಾಳೇನಪ್ಪಾ? ಕರಿಯಾಕ ಬಂದಿಯೇನು?"

ಅವನು ನೆಲ ನೋಡುತ್ತ, "ಹೌದಕ್ಕಾ, ಕರಿಯಾಕ ಬಂದೀನಿ" ಎಂದ.

ಅವ್ವ ಮುಂದಿನ ಮಾತಿಗೆ ನಿಲ್ಲಲಿಲ್ಲ. ಒಳಗೆ ಓಡಿದಳು. ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು, ಬಳೆಯ ಸದ್ದು. ನಾನು ತಂಬಿಗೆಯಲ್ಲಿ ನೀರು ತಂದು ಕೊಟ್ಟೆ. ಅವನು ಮುಟ್ಟಲಿಲ್ಲ, ಕೂರಲೂ ಇಲ್ಲ. ಸಾವಿನ ಸುದ್ದಿ ತಂದವರು ಆ ಮನೆಯ ನೀರು ಕುಡಿಯುವುದಿಲ್ಲ. ನನಗದು ಗೊತ್ತಿತ್ತು. ಆಯಿಗೂ ಗೊತ್ತಿತ್ತು, ಅವಳು ಗೋಡೆ ಹಿಡಿದು ನಿಂತಳು.

ಅವ್ವ ಹಸಿರು ಇಳಕಲ್ ಸೀರೆ ಉಟ್ಟು, ಚೀಲ ಹಿಡಿದು ಬಂದಳು. ತಿಂಗಳಿಗಾಗುವಷ್ಟು ಬಟ್ಟೆ. ಆಯಿ ಹತ್ತಿರ ಹೋಗಿ ಚೀಲ ಇಸಕೊಂಡಳು.

"ಈ ಸೀರಿ ಬ್ಯಾಡವ್ವಾ" ಎಂದಳು. "ಹಳೇದು ಉಟ್ಕೋ."

ಅವ್ವ ಅವನ ಹಿಂದೆ ಕೂತು ಹೋದಳು, ಗರಸಿನ ದಾರಿಯಲ್ಲೇ. ನಾನು ಸೈಕಲ್ ತುಳಿಯುತ್ತ ಬಹಳ ಹಿಂದೆ ಉಳಿದೆ. ಮಗಳನ್ನು ಕರೆದು ತಾ ಎಂದು ಅಜ್ಜಿ ಬೇಸಿಗೆಯಿಂದಲೂ ಆ ಹುಡುಗನನ್ನೇ ಕೇಳುತ್ತಿದ್ದಳಂತೆ. "ಹತ್ತಿ ಬಿತ್ತಿ ಹೋಗ್ತೀನಿ ಅಂದಿದ್ದೆ" ಎಂದು ಅಜ್ಜಿಯ ಮಣ್ಣಾದ ಮೇಲೆ ಅವನು ನನಗೆ ಹೇಳಿದ. ಅವನ ಮೇಲೆ ಸಿಟ್ಟಾಗೋಣವೆಂದರೆ ಅವನು ಅಳುತ್ತಿದ್ದ.

ಈಗ ನಾವು ರಾಯಚೂರಿನಲ್ಲಿದ್ದೇವೆ. ಇಂಥ ನೆನಪು ಬರೆಯುವವರೆಲ್ಲ ಕೊನೆಗೆ ದಾರಿ ಹೋಯಿತು, ಕಾಡು ಹೋಯಿತು ಎಂದು ಬರೆಯುತ್ತಾರೆ. ನಾನು ಹಾಗೆ ಬರೆದರೆ ಸುಳ್ಳಾಗುತ್ತದೆ. ಬೇವುಗಳು ಇನ್ನೂ ಎತ್ತರವಾಗಿವೆ, ಗರಸು ಹೊಸದಾಗಿ ಹಾಸಿದ್ದಾರೆ, ಈಗಲೂ ಗಾಡಿಯ ಸದ್ದಿಲ್ಲ. ಭಾನುವಾರ ನಗರದಿಂದ ಹೆಲ್ಮೆಟ್ ಹಾಕಿಕೊಂಡ ಸೈಕಲ್ ಗುಂಪುಗಳು ಬರುತ್ತವೆ. ಅವರಲ್ಲಿ ಹೆಂಗಸರೂ ಇರುತ್ತಾರೆ. ಅವರು ಹಾಕಿದ ಒಂದು ಫೋಟೊವನ್ನು ಮೊನ್ನೆ ಅವ್ವನಿಗೆ ತೋರಿಸಿದೆ. ಮರಗಳ ಸಂದಿನಲ್ಲಿ ಕೆರೆ, ಕೆಂಪು ದಾರಿ, ಅದರ ತುದಿಯಲ್ಲಿ ಆ ಹಳ್ಳಿಯ ಹೆಂಚು.

"ಹೋಗೂಣು ಬಾ ಬೇ" ಎಂದೆ. "ಸೈಕಲ್ ಬಾಡಿಗಿಗೆ ತರ್ತೀನಿ. ಈಗ ಆಯಿ ಇಲ್ಲ. ಕರಿಯಾಕ ಬರಲಿ ಅನ್ನವ್ರು ಯಾರಿಲ್ಲ."

ಅವ್ವ ಪುಂಡಿಪಲ್ಯೆಯ ಸೊಪ್ಪು ಬಿಡಿಸುತ್ತಿದ್ದಳು. ಫೋಟೊವನ್ನು ಬಹಳ ಹೊತ್ತು ನೋಡಿ ಮೊಬೈಲ್ ನನ್ನ ಕೈಗೆ ಕೊಟ್ಟಳು.

"ಒಳಗ ಬರಬ್ಯಾಡ ಅನ್ನಾಕಿನೂ ಇಲ್ಲಲ್ಲ ಅಲ್ಲಿ" ಎಂದಳು. "ಯಾರ ಮನಿಗೆ ಹೋಗ್ಲಿ?"