ಗೌರಾಬಾಯಿ ಹೇಳಿದ್ದು, ರೇಣು ಹೇಳಿದ್ದು

ಪುಣೆಯ ಭೋಸರಿಯ ನಮ್ಮ ಓಣಿಯಲ್ಲಿ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಅದು ಗೌರಾಬಾಯಿಯದೇ. ಗಂಡ ತೀರಿಕೊಂಡ ಮೇಲೆ ತಂಗಿ ರೇಣು ಅವಳನ್ನು ಮುದ್ದೇಬಿಹಾಳದಿಂದ ಕರೆಸಿಕೊಂಡಳು. ಖಾನಾವಳಿ ರೇಣುವಿನದು, ರೊಟ್ಟಿ ಅಕ್ಕನದು. ಕಾರ್ಖಾನೆ ಬಿಟ್ಟೊಡನೆ ನಮ್ಮ ಕಡೆಯ ಹುಡುಗರು ಆ ರೊಟ್ಟಿಗಾಗಿಯೇ ಓಡಿ ಬರುತ್ತಿದ್ದರು. ಒಲೆ ಬಿಟ್ಟು ಕದಲದ ಗೌರಾಬಾಯಿಗೆ ಮರಾಠಿ ಕಲಿಯುವ ಪ್ರಸಂಗವೇ ಬರಲಿಲ್ಲ. ಕಾಯಿಪಲ್ಲೆಯವನಿಂದ ಹಿಡಿದು ಡಾಕ್ಟರವರೆಗೆ ಅವಳ ಪರವಾಗಿ ರೇಣುವೇ ಮಾತಾಡುತ್ತಿದ್ದಳು.

"ನನ್ನ ಬಾಯಿ ಅಂದ್ರ ನಮ್ಮ ರೇಣೂನ ರೀ," ಎಂದು ಗೌರಾಬಾಯಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಎಂಥ ಹುಚ್ಚು ನಂಬಿಕೆ!

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಜ್ವರ ಹತ್ತಿತು. ಬೆರಳ ಕೀಲುಗಳು ಬಾತುಕೊಂಡವು, ಮೈ ಮೇಲೆ ಕೆಂಪು ಕಲೆ ಎದ್ದವು. ಒಬ್ಬ ಡಾಕ್ಟರು ಚಿಕೂನ್‌ಗುನ್ಯಾ ಎಂದರು, ಇನ್ನೊಬ್ಬರು ಸಂಧಿವಾತ ಎಂದರು. ವಾಕಡದಿಂದ ಊಟಕ್ಕೆ ಬರುವ ಶಮಂತ್ ಎಂಬ ಹುಡುಗ ಫೋನು ತಿಕ್ಕಿ ನೋಡಿ, "ಆಂಟಿ, ಇದು ಲೈಮ್ ಡಿಸೀಸ್ ಇರಬಹುದು. ಉಣ್ಣಿ ಏನಾದ್ರೂ ಕಚ್ಚಿತ್ತಾ?" ಎಂದು ಕೇಳಿದ. ಊರಿಗೆ ಹೋದಾಗ ಆಡಿನ ಮೈಯ ಉಣ್ಣಿ ಕಚ್ಚಿದ್ದು ನಿಜವೇ ಆಗಿತ್ತು. ಗುಳಿಗೆ ನುಂಗಿದರೆ ಹೋಗುವ ರೋಗ, ಹಾಸಿಗೆ ಹಿಡಿಯಬೇಕಿಲ್ಲ ಎಂದು ತಿಳಿದದ್ದೇ ತಡ, ರೊಟ್ಟಿ ನಿಂತರೆ ಗಿರಾಕಿಗಳು ಹೋದಾರೆಂದು ಹೆದರಿದ್ದ ರೇಣು ಅದನ್ನೇ ಗಟ್ಟಿಯಾಗಿ ಹಿಡಿದಳು. ಮೂರನೆಯ ಡಾಕ್ಟರ ಮುಂದೆ ಉಣ್ಣಿಯ ಕತೆಯನ್ನೇ ಹೇಳಿ ಗುಳಿಗೆ ಬರೆಸಿಕೊಂಡು ಬಂದಳು. ಗುಳಿಗೆ ಮುಗಿದವು, ಬಾವು ಇಳಿಯಲಿಲ್ಲ. ಗೌರಾಬಾಯಿ ಕಣ್ಣೀರು ಒರೆಸಿಕೊಳ್ಳುತ್ತ ರೊಟ್ಟಿ ಬಡಿದಳು.

ನಾನು ಅವರ ಮೇಲಿನ ಮನೆಯವಳು, ಪುಣೆಯಲ್ಲೇ ಹುಟ್ಟಿ ಬೆಳೆದವಳು, ಎರಡೂ ಭಾಷೆ ಬಲ್ಲವಳು. ಒಂದು ದಿನ ರೇಣು ಮದುವೆ ಊಟದ ಆರ್ಡರು ಎಂದು ತಳೇಗಾಂವಕ್ಕೆ ಹೋಗಿದ್ದಳು. ಗೌರಾಬಾಯಿಯ ಕಾಲು ಬಾತು ಹೆಜ್ಜೆ ಇಡಲಾಗದ್ದನ್ನು ಕಂಡು ಅದೇ ಮೂರನೆಯ ಡಾಕ್ಟರ ಬಳಿ ನಾನು ಕರೆದುಕೊಂಡು ಹೋದೆ. ಅವಳು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮರಾಠಿಯಲ್ಲಿ ಒಪ್ಪಿಸಿದೆ. ಬಾಯಲ್ಲಿ ಹುಣ್ಣು, ಹಿಡಿ ಹಿಡಿಯಾಗಿ ಉದುರುವ ಕೂದಲು, ಬಿಸಿಲಿಗೆ ಹೋದರೆ ಉರಿಯುವ ಕೆನ್ನೆ, ಮೂತ್ರದಲ್ಲಿ ನೊರೆ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಇದನ್ನೆಲ್ಲ ಮುಂಚೆ ಯಾಕೆ ಹೇಳಲಿಲ್ಲ ಎಂದು ಸಿಟ್ಟಿನಿಂದಲೇ ಕೇಳಿದರು. ಬಂದಾಗಲೆಲ್ಲ ತಂಗಿ ಜ್ವರ, ಕೈನೋವು, ಉಣ್ಣಿ ಎಂದಷ್ಟೇ ಹೇಳಿದ್ದಳಂತೆ. ಬೇರೇನಾದರೂ ಇದೆಯೇ ಎಂದರೆ, ಏನಿಲ್ಲ, ಕೆಲಸ ತಪ್ಪಿಸಿಕೊಳ್ಳಲು ಸ್ವಲ್ಪ ಜಾಸ್ತಿ ನರಳುತ್ತಾಳೆ ಎಂದಿದ್ದಳಂತೆ. ನಾನು ಅದನ್ನೂ ಗೌರಾಬಾಯಿಗೆ ಕನ್ನಡದಲ್ಲಿ ಹೇಳಿದೆ. ಮುಚ್ಚಿಡಲು ನನಗೆ ಮನಸ್ಸಾಗಲಿಲ್ಲ.

"ಪ್ರತೀ ಸರ್ತಿ ಹೇಳೇನಲ್ರೀ ಅಕ್ಕಾರ! ಅಕೀ ಬಾಜೂಕ ಕುಂತು ಹೇಳೇನಿ. ಮನ್ಯಾಗ ಬಾಯಿ ತೆರದು ಹುಣ್ಣ ತೋರಿಸೇನಿ," ಎಂದಳು ಗೌರಾಬಾಯಿ.

ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿದ ಮೇಲೆ ರೋಗ ಸಿಕ್ಕಿತು, ಲೂಪಸ್. ದೇಹದ ಕಾವಲೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆ. ಜ್ವರ, ದಣಿವು, ಕೀಲುನೋವು ಲೈಮ್‌ನಲ್ಲೂ ಇರುತ್ತವೆ, ಇದರಲ್ಲೂ ಇರುತ್ತವೆ. ಅನುಮಾನ ಹುಟ್ಟಿಸಬೇಕಾದ ಹುಣ್ಣು, ಕೂದಲು, ಬಿಸಿಲು, ನೊರೆಗಳನ್ನೇ ರೇಣು ನುಂಗಿಬಿಟ್ಟಿದ್ದಳು. ಅಷ್ಟರಲ್ಲಿ ರೋಗ ಮೂತ್ರಪಿಂಡಗಳಿಗೆ ಇಳಿದು ಅವು ಕೆಟ್ಟುಹೋಗಿದ್ದವು. ಬೇಗ ಗೊತ್ತಾಗಿದ್ದರೆ ಅವನ್ನು ಉಳಿಸಿಕೊಳ್ಳಬಹುದಿತ್ತು ಎಂದರು ಡಾಕ್ಟರು.

ಆಸ್ಪತ್ರೆಗೆ ಸೇರಿಸಿದ ಮೇಲೆ ರೇಣು ನೋಡಲು ಬಂದಳು. ಕಾಲಿಗೆ ಬಿದ್ದು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಮಂಚದ ಅಂಚಿಗೆ ಕೂತು ಅಕ್ಕನ ಹೊದಿಕೆ ಸರಿಮಾಡಿದಳು.

"ಖಾನಾವಳಿ ಚಿಂತಿ ಮಾಡಬ್ಯಾಡ ಅಕ್ಕಾ. ಹುಲಿಗೆವ್ವ ಅಂತ ಒಬ್ಬಾಕಿ ಬಂದಾಳ. ರೊಟ್ಟಿ ಥೇಟ್ ನಿನ್ನಂಗ ಬಡೀತಾಳ. ಒಬ್ಬ ಗಿರಾಕೀನೂ ತಪ್ಪಿಲ್ಲ ನೋಡು."

"ಎಲ್ಲಿಂದ ಬಂದ್ಳು?" ಎಂದಳು ಗೌರಾಬಾಯಿ.

"ಹಿಂದಿನ ಓಣ್ಯಾಕಿನ. ಕೆಲಸ ಕೊಡ್ರಿ ಅಂತ ಭಾಳ ದಿನದಿಂದ ಬೆನ್ನು ಹತ್ತಿದ್ಲು."

ಹೇಳಿದ ಮೇಲೆ ರೇಣುವಿಗೆ ತಾನು ಏನು ಹೇಳಿದೆ ಎಂಬುದು ಹೊಳೆಯಿತು. ತಲೆ ತಗ್ಗಿಸಿದಳು. ಗೌರಾಬಾಯಿ ಬಾತ ಕೈಯಿಂದ ಅವಳ ಗದ್ದ ಎತ್ತಿದಳು.

"ಹಂಗಾರ ನನ್ನ ಯಾಕ ಕೊಂದಿ, ರೇಣೂ?"