ಸುಂದ್ರಮ್ಮನ ಅರ್ಧ ದವಡೆ

ಬಿಳಿಕೆರೆಯಲ್ಲಿ ಬೈಗುಳದ ಮಟ್ಟಿಗೆ ನಮ್ಮ ಎದುರುಮನೆಯ ಸುಂದ್ರಮ್ಮನನ್ನು ಮೀರಿಸಿದವರಿರಲಿಲ್ಲ. ಪಕ್ಕದ ಮನೆಯ ಭಾಗ್ಯಮ್ಮನ ಬಚ್ಚಲು ನೀರು ತನ್ನ ಅಂಗಳಕ್ಕೆ ಹರಿಯುತ್ತದೆಂದು ಹದಿನೆಂಟು ವರ್ಷ ದಿನಾ ಬೆಳಿಗ್ಗೆ ಬೈದಳು. ಒಂದು ವಾರದಲ್ಲಿ ಒಂದೇ ಬೈಗುಳವನ್ನು ಎರಡು ಸಲ ಬಳಸುತ್ತಿರಲಿಲ್ಲ. ಅಂಥ ಶಿಸ್ತು ನಮ್ಮೂರಿನ ಮೇಷ್ಟರಿಗೂ ಇರಲಿಲ್ಲ.

೨೦೦೧ರಲ್ಲಿ ಅವಳ ಕೆಳದವಡೆಯ ಒಂದು ಹಲ್ಲು ಅಲುಗಾಡಿತು. ಹುಣಸೂರಿಗೆ ಹೋಗಿ ಕೀಳಿಸಿದಳು. ಅದರ ಪಕ್ಕದ್ದೂ ಅಲುಗಾಡಿತು, ಅದನ್ನೂ ಕೀಳಿಸಿದಳು. ಊತ ಇಳಿಯಲಿಲ್ಲ, ಗದ್ದ ಮರಗಟ್ಟಿತು.

"ಒಗೆಸೊಪ್ಪು ಅಗುದ್ರೆ ಇನ್ನೇನಾಯ್ತದೆ?" ಎಂದು ಊರು ತೀರ್ಪು ಕೊಟ್ಟೇಬಿಟ್ಟಿತು. ನನಗೆ ಮೈ ಉರಿಯಿತು. ಅವಳು ಹೊಲದಲ್ಲಿ ಹೊಗೆಸೊಪ್ಪು ಮುರಿದವಳೇ ಹೊರತು ಒಂದು ಚೂರೂ ಬಾಯಿಗೆ ಹಾಕಿದವಳಲ್ಲ. ಇದು ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್, ದವಡೆಗೆ ಬರುವುದು ತೀರಾ ಅಪರೂಪ ಎಂದರು ಮೈಸೂರಿನ ಡಾಕ್ಟರು. ಅರ್ಧ ದವಡೆ ತೆಗೆಯಬೇಕು, ಆಮೇಲೆ ಮಾತು ಸ್ಪಷ್ಟವಾಗಿ ಬರುವುದು ಕಷ್ಟ ಎಂದೂ ಹೇಳಿದರು.

"ಮಾತೇ ಓದ್ಮೇಲೆ ಬದುಕಿ ಏನ್ ಮಾಡ್ಲಿ?" ಎಂದು ಸುಂದ್ರಮ್ಮ ಬಸ್ಸು ಹತ್ತಿ ವಾಪಸ್ಸು ಬಂದಳು. ಗಂಡ ಪುಟ್ಟಮಲ್ಲಪ್ಪ ಅತ್ತು ಕರೆದರೂ ಜಗ್ಗಲಿಲ್ಲ. ಕೊನೆಗೆ ಬೇಲಿಯಾಚೆಯಿಂದ ಭಾಗ್ಯಮ್ಮ ಕೂಗಿದಳು: "ಓಗಿ ಕುಯ್ಸ್ಕೊಳ್ಳೇ! ನೀ ಸತ್ರೆ ನನ್ ಬಚ್ಚಲು ನೀರು ಎಲ್ಲಿಗ್ ಓದ್ರೂ ಕೇಳೋರಿರಕ್ಕಿಲ್ಲ!" ಮರುದಿನವೇ ಸುಂದ್ರಮ್ಮ ಆಸ್ಪತ್ರೆ ಸೇರಿದಳು.

ಐದಾರು ತಿಂಗಳ ಮೇಲೆ ಮನೆಗೆ ಬಂದಾಗ ಮುಖ ಒಂದು ಕಡೆ ಕುಸಿದಿತ್ತು. ಅವಳ ಮಾತು ಗಂಡನಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ನೀರು ಕೇಳಿದರೆ ಟವೆಲ್ ತಂದುಕೊಡುತ್ತಿದ್ದ. ನೋಡಲು ಬಂದವರು ಅವಳು ಕಿವುಡಿಯೂ ಆಗಿದ್ದಾಳೇನೋ ಎಂಬಂತೆ ಕಿರುಚಿ ಮಾತಾಡಿಸಿ, ಕಾಫಿ ಕುಡಿದು ಹೋಗುತ್ತಿದ್ದರು. ಸುಂದ್ರಮ್ಮ ಬಾಯಿ ತೆರೆಯುವುದನ್ನೇ ಬಿಟ್ಟಳು. ನನಗೆ ಬೆಳಗಾದರೆ ಬೇಜಾರಾಗುತ್ತಿತ್ತು.

ಒಂದು ದಿನ ಬಚ್ಚಲು ನೀರು ಎಂದಿಗಿಂತ ಧಾರಾಳವಾಗಿ ಅಂಗಳಕ್ಕೆ ಹರಿದು ಬಂತು. ಸುಂದ್ರಮ್ಮ ತಡೆಯಲಾರದೆ ಬೇಲಿಯ ಹತ್ತಿರ ಹೋಗಿ ಗೊಳಗೊಳ ಏನೋ ಕೂಗಿದಳು. ನಮಗಾರಿಗೂ ಅರ್ಥವಾಗಲಿಲ್ಲ. ಭಾಗ್ಯಮ್ಮ ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದುರು ನಿಂತಳು.

"ನಮ್ಮಪ್ಪನ್ ಸುದ್ದಿಗ್ ಬಂದ್ರೆ ನೆಟ್ಟಗಿರಕ್ಕಿಲ್ಲ ಕಣೇ!"

ಸುಂದ್ರಮ್ಮ ಅಲ್ಲೇ ಕುಸಿದು ಕೂತು ಅತ್ತಳು. ಆಮೇಲೆ ಎದ್ದು, ಇನ್ನೊಂದು ಗಂಟೆ ಬೈದಳು.

ಅಲ್ಲಿಂದ ಮುಂದೆ ಮೈಸೂರಿನ ಆಸ್ಪತ್ರೆಗೆ ಗಂಡನ ಬದಲು ಭಾಗ್ಯಮ್ಮನನ್ನೇ ಕರೆದುಕೊಂಡು ಹೋಗತೊಡಗಿದಳು. ಒಮ್ಮೆ ನಾನೂ ಜೊತೆಗಿದ್ದೆ. ಸುಂದ್ರಮ್ಮ ಉದ್ದಕ್ಕೆ ಏನೋ ಹೇಳಿದಳು. ಡಾಕ್ಟರು ಭಾಗ್ಯಮ್ಮನ ಕಡೆ ತಿರುಗಿ ಏನಂತೆ ಎಂದು ಕೇಳಿದರು.

"ನೋವಿಲ್ವಂತೆ ಸಾರ್. ಮಿಕ್ಕಿದ್ದೆಲ್ಲ ನಂಗೆ ಏಳಿದ್ದು, ಬುಡಿ."