ಗುರುಶಾಂತ ಸರ್ ಅವರ ಫ್ರೆಂಚ್ ಕ್ಲಾಸು

ಹುಮನಾಬಾದಿನಿಂದ ದಿನಾ ಬಸ್ಸಿನಲ್ಲಿ ಬಂದು ಬಸವಕಲ್ಯಾಣದ ಕಾಲೇಜಿನಲ್ಲಿ ಫ್ರೆಂಚ್ ಸಾಹಿತ್ಯ ಕಲಿಸುವ ಗುರುಶಾಂತ ಸರ್, ಎದುರಿಗೆ ಐದೇ ಮಂದಿ ಕೂತಿದ್ದರೂ ಐನೂರು ಮಂದಿಗೆ ಕೇಳುವಂತೆ ಪಾಠ ಮಾಡುತ್ತಾರೆ. ಬಸ್ಸಿನ ಕಂಡಕ್ಟರನಿಗೂ ‘ಬೊಂಜೂರ್’ ಎನ್ನುತ್ತಾರೆ. ಅವನು ಮರ್ಯಾದೆ ಸೇರಿಸಿ ‘ಬೊಂಜೂರ್ರಿ ಸರ್’ ಎಂದು ಟಿಕೆಟ್ ಕೊಡುತ್ತಾನೆ. ಮೂಗಿನಿಂದ ಹೊರಡಬೇಕಾದ ಸ್ವರ ಬಾಯಿಂದ ಬಂದರೆ, “ನೆಗಡಿ ಬಂದಾಗ ಹ್ಯಾಂಗ ಮಾತಾಡ್ತೀರಿ, ಹಂಗ ಅನ್ರಿ” ಎಂದು ತಮ್ಮ ಮೂಗನ್ನೇ ಹಿಡಿದು ತೋರಿಸುತ್ತಾರೆ. ಪದದ ಅರ್ಥಕ್ಕೆ ಯಾರಾದರೂ ನಿಘಂಟು ತೆರೆದರಂತೂ, “ಮುಚ್ರಿ ಅದನ್ನ. ನಿಮ್ಮೂರಾಗ ಏನಂತಾರ, ಅದು ಹೇಳ್ರಿ” ಎನ್ನುತ್ತಾರೆ. ನಿರ್ಣಾ ಹಳ್ಳಿಯಿಂದ ಬರುವ ವಿದ್ಯಾರ್ಥಿನಿ ಜಗದೇವಿಗೆ ಭಯ ಹುಟ್ಟಿಸುತ್ತಿದ್ದುದು ಆ ಮಾತೇ. ತನ್ನ ಹಳ್ಳಿ ಮಾತಿಗೆ ಉಳಿದವರು ನಗುತ್ತಾರೆಂದು ಅವಳು ತಿಂಗಳುಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಫ್ರೆಂಚ್ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳಲು ಅರ್ಜಿಯನ್ನೂ ಬರೆದಿಟ್ಟಿದ್ದಳು. ಮೊನ್ನೆ ಒಂದು ಕವಿತೆಯಲ್ಲಿ, ಕೊಯ್ಲಾದ ಮೇಲೆ ಹೊಲದಲ್ಲಿ ಉಳಿಯುವ ದಂಟಿನ ಮೋಟುಗಳ ಫ್ರೆಂಚ್ ಹೆಸರು ಬಂತು. ಸರ್ ಅವಳೆದುರೇ ಬಂದು ನಿಂತರು. “ಕೂಳಿ ಅಂತಾರ್ರಿ ಸರ್. ಬರಿಗಾಲಿಗೆ ಚುಚ್ಚತಾವ್ರಿ” ಎಂದಳು. ಹಿಂದೆ ಯಾರೋ ಕಿಸಕ್ಕೆಂದರು. ಸರ್ ನಗಲಿಲ್ಲ. “ನಾ ಅಂಗಡ್ಯಾಗ ಬೆಳದಾಂವ, ಹೊಲದ ಮಾತು ನನಗ ಗೊತ್ತಿಲ್ಲ. ಇಪ್ಪತ್ತೈದು ವರ್ಷದಿಂದ ಈ ಪದಕ್ಕ ಕನ್ನಡ ಹುಡಕಾಕತ್ತಿದ್ದೆ” ಎನ್ನುತ್ತ ಕೈಚೀಲದಿಂದ ಹಳೆಯ ನೋಟ್‌ಬುಕ್ ತೆಗೆದು ಬರೆದುಕೊಂಡರು. ಪುಟದ ತುಂಬ ಪದಗಳಿದ್ದವು. ಪ್ರತಿ ಪದದ ಮುಂದೆ ಅದನ್ನು ಹೇಳಿಕೊಟ್ಟ ವಿದ್ಯಾರ್ಥಿಯ ಹೆಸರು, ಊರು, ಇಸವಿ. ಕೆಲವರು ಅವಳು ಹುಟ್ಟುವ ಮೊದಲೇ ಓದು ಮುಗಿಸಿ ಹೋದವರು. “ಜಗದೇವಿ, ನಿರ್ಣಾ. ಸರಿ ಅದ ಏನ್ರಿ?” ಎಂದು ಅವರು ಪುಟವನ್ನು ಅವಳತ್ತ ತಿರುಗಿಸಿದರು. ಮರುದಿನ ಜಗದೇವಿ ಎಲ್ಲರಿಗಿಂತ ಮೊದಲು ಬಂದು ಮುಂದಿನ ಬೆಂಚಿನಲ್ಲಿ ಕೂತಳು.